ಚೀಲದ ಜೊತೆ ಐದನೇ ತಿಂಗಳು

ಬೆಳಗಿನ ಜಾವ ಮೂರೂವರೆಗೆ ಎಚ್ಚರ. ಅಲಾರಾಂ ಅಲ್ಲ, ಆಪರೇಷನ್ನಿನಲ್ಲಿ ಕರುಳಿನ ತುದಿಯನ್ನು ಹೊಟ್ಟೆಯ ಮೇಲೆ ಹೊರತಂದಮೇಲೆ ಮಲ ಹಿಡಿಯಲೆಂದು ಅಲ್ಲಿ ಅಂಟಿಸಿಕೊಂಡ ಚೀಲ ಉಬ್ಬಿತ್ತು. ಮೂರರಲ್ಲಿ ಒಂದು ಪಾಲು ತುಂಬಿದಾಗಲೇ ಖಾಲಿ ಮಾಡಬೇಕು, ಇಲ್ಲದಿದ್ದರೆ ಭಾರಕ್ಕೆ ಅಂಟು ಬಿಡುತ್ತದೆ. ಒಮ್ಮೆ ಸೋಮಾರಿತನ ಮಾಡಿ ಹಾಸಿಗೆಯೆಲ್ಲ ಒಗೆದಿದ್ದೇನೆ.

ಹೊರಗೆ ಕಾಣುವ ಕರುಳಿನ ತುದಿ ಕೆಂಪಗೆ, ತೇವವಾಗಿ, ಒಳತುಟಿಯ ಹಾಗಿದೆ. ಮುಟ್ಟಿದರೆ ನೋಯುವುದಿಲ್ಲ. ಉರಿಯುವುದೆಲ್ಲ ಸುತ್ತಲಿನ ಚರ್ಮ. ಸಣ್ಣಕರುಳಿನ ರಸ ಸೋರಿದರೆ ಅದನ್ನೂ ಜೀರ್ಣಿಸಲು ಹೊರಡುತ್ತದೆ! ದೊಡ್ಡಕರುಳಿಗೆ ರಜೆ, ಹಾಗಾಗಿ ನೀರು, ಉಪ್ಪು ಎರಡೂ ಹರಿದುಹೋಗುತ್ತವೆ. ಬರೀ ನೀರು ಜಾಸ್ತಿ ಕುಡಿದರೆ ಇನ್ನಷ್ಟು ಹರಿಯುತ್ತದೆ. ಓಆರ್‌ಎಸ್ ಕುಡಿದು ಕುಡಿದು ನಾಲಿಗೆ ಜಡ್ಡುಗಟ್ಟಿದೆ.

ಮೀಟಿಂಗಿನಲ್ಲಿ ಎಲ್ಲರೂ ಸುಮ್ಮನಿದ್ದಾಗಲೇ ಈ ಕರುಳಿನ ತುದಿಗೆ ಗುಡುಗುವ ಹುಕಿ. ತಡೆಯೋಣವೆಂದರೆ ಅಲ್ಲಿ ಬಿಗಿಹಿಡಿಯುವ ಸ್ನಾಯುವೇ ಇಲ್ಲ. ಮೊದಮೊದಲು ಕೆಮ್ಮಿ ಮುಚ್ಚಿಹಾಕುತ್ತಿದ್ದೆ, ಈಗ ಅದೂ ಬೇಜಾರು.

ಕರುಳನ್ನು ಮತ್ತೆ ಜೋಡಿಸುವ ಆಪರೇಷನ್ ಎರಡು ಸಲ ಮುಂದಕ್ಕೆ ಹೋಗಿದೆ. ಅದಕ್ಕೂ ಮೊದಲು, ಒಳಗಿನ ಹೊಲಿಗೆ ಸೋರುತ್ತಿದೆಯೋ ಎಂದು ಎಕ್ಸ್‌ರೇಯಲ್ಲಿ ಕಾಣುವ ದ್ರವ ಬಿಟ್ಟು ನೋಡುತ್ತಾರಂತೆ. ಚೀಲ ತೊಲಗಲಿ ಎಂದು ದಿನ ಎಣಿಸುತ್ತಿದ್ದವನಿಗೆ ನಿನ್ನೆ ಬೇರೆಯೇ ಭಯ: ಇಷ್ಟು ತಿಂಗಳು ಸುಮ್ಮನೆ ಕೂತ, ಮಲ ಬಿಗಿಹಿಡಿಯುವ ಕೆಳಗಿನ ಸ್ನಾಯು ತನ್ನ ಕೆಲಸ ಮರೆತಿದ್ದರೆ?

ಇರಲಿ, ಹೊಸ ಚೀಲಕ್ಕೆ ತೂತು ಕತ್ತರಿಸಬೇಕು. ಕತ್ತರಿ ಎಲ್ಲಿಟ್ಟೆನೋ.