ತುಟಿಯ ಸೀಳು ಕಂಡ ಮೇಲೆ ತಲೆಯನ್ನೇಕೆ ನೋಡುತ್ತೀರಿ?

ಕೋಲಾರದಲ್ಲಿ ಗರ್ಭಿಣಿಯರ ಸ್ಕ್ಯಾನಿಂಗ್ ಮಾಡುವ ನನಗೆ ಶ್ರೀನಿವಾಸಪುರ, ಮುಳಬಾಗಿಲು ಕಡೆಯಿಂದ ಬರುವ ಕುಟುಂಬದವರು ಪದೇ ಪದೇ ಕೇಳುವ ಪ್ರಶ್ನೆ ಇದು: “ಮೇಡಂ, ತೊಂದರೆ ಇರುವುದು ಮಗುವಿನ ತುಟಿಯಲ್ಲಿ ಎಂದಿರಿ, ಆದರೆ ಆಗಿನಿಂದ ತಲೆ, ಹೃದಯ, ಕೈಬೆರಳುಗಳನ್ನೇ ನೋಡುತ್ತಿದ್ದೀರಲ್ಲ, ಏಕೆ?”

ಮುಖವೂ ಮೆದುಳಿನ ಮುಂಭಾಗವೂ ಗರ್ಭದ ಮೊದಲ ವಾರಗಳಲ್ಲಿ ಒಂದನ್ನೊಂದು ಅವಲಂಬಿಸಿಯೇ ರೂಪುಗೊಳ್ಳುವುದರಿಂದ, ಮುಖದ ನಡುವಿನಲ್ಲಿ ಕಾಣುವ ಕೊರತೆ ಹಲವು ಬಾರಿ ಮೆದುಳಿನ ಕೊರತೆಯ ಸುಳಿವಾಗಿರುತ್ತದೆ. ಅಮೆರಿಕದ ವೈದ್ಯ ಡಿಮೈಯರ್ ಮತ್ತು ಸಂಗಡಿಗರು 1964ರಲ್ಲೇ ಇದನ್ನು ಸ್ಪಷ್ಟವಾಗಿ ವಿವರಿಸಿದ್ದಾರೆ. ಮುಂಮೆದುಳು ಎರಡು ಹೋಳಾಗದೆ ಉಳಿಯುವ ಹೋಲೋಪ್ರೊಸೆನ್ಸೆಫಲಿ ಎಂಬ ಸ್ಥಿತಿಯಲ್ಲಿ ಕಣ್ಣುಗಳು ತೀರಾ ಹತ್ತಿರ ಬಂದಿರಬಹುದು; ಅತಿ ತೀವ್ರವಾದಾಗ ಒಂದೇ ಕಣ್ಣಿದ್ದು, ಮೂಗಿನ ಬದಲು ಅದರ ಮೇಲೆ ಸೊಂಡಿಲಿನಂತಹ ಮಾಂಸದ ಕೊಳವೆ ಕಾಣಬಹುದು. ಜೀವಕೋಶದಲ್ಲಿ ವಂಶವಾಹಿಗಳನ್ನು ಹೊತ್ತ ಕ್ರೋಮೋಸೋಮ್‌ಗಳಲ್ಲಿ 13ನೆಯದು ಎರಡರ ಬದಲು ಮೂರಿದ್ದಾಗ ಇಂತಹ ಮುಖದ ಜೊತೆಗೆ ಹೃದಯದ ದೋಷ, ಆರನೇ ಬೆರಳು ಕೂಡ ಕಾಣುವುದುಂಟು. ಬೆರಳು ಎಣಿಸುವುದು ಅದಕ್ಕಾಗಿಯೇ.

ತುಟಿಯ ಒಂದು ಪಕ್ಕದಲ್ಲಿ ಮಾತ್ರ ಸೀಳಿದ್ದು ಉಳಿದದ್ದೆಲ್ಲ ಸರಿಯಿದ್ದರೆ, ಹುಟ್ಟಿದ ಕೆಲವೇ ತಿಂಗಳಲ್ಲಿ ಶಸ್ತ್ರಚಿಕಿತ್ಸೆಯಾಗಿ ಆ ಮಗು ಎಲ್ಲರಂತೆ ಬೆಳೆಯುತ್ತದೆ. ಸರಿಯಾಗಿ ನಡುವೆ ಬಿದ್ದ ಸೀಳಿನ ಕಥೆ ಬೇರೆ; ಅದರ ಹಿಂದೆ ಮೇಲೆ ಹೇಳಿದ ಮೆದುಳಿನ ಕೊರತೆ ಇರಬಹುದು. ಎರಡಕ್ಕೂ ನಾವು “ಸೀಳು” ಎಂದೇ ಹೇಳುವುದರಿಂದ ಮನೆಯವರಿಗೆ ಅವೆರಡೂ ಒಂದೇ ಎನ್ನಿಸುತ್ತದೆ, ಅದು ಸಹಜ.

ಪರದೆಯ ಮೇಲೆ ಮೂಗಿನ ಹೊಳ್ಳೆಗಳು ಎರಡು ಕಪ್ಪು ಚುಕ್ಕೆಗಳಾಗಿ, ಅವುಗಳ ಕೆಳಗೆ ಮೇಲ್ದುಟಿ ಬಿಲ್ಲಿನಂತೆ ಬಾಗಿ ಒಂದೇ ಚಿತ್ರದಲ್ಲಿ ಕಾಣಬೇಕು. ಮಗು ಮುಖಕ್ಕೆ ಕೈ ಅಡ್ಡ ಇಟ್ಟಿದ್ದರೆ ಏನೂ ಕಾಣದು. ತಾಯಿಯನ್ನು ಹತ್ತು ನಿಮಿಷ ಓಡಾಡಿ ಬರಲು ಕಳಿಸುತ್ತೇನೆ. ಅಂಗುಳವಂತೂ ಮೂಳೆಯ ನೆರಳಿನ ಹಿಂದೆ ಇರುವುದರಿಂದ, ಅಂಗುಳ ಮಾತ್ರ ಸೀಳಿದ್ದರೆ ಸ್ಕ್ಯಾನಿಂಗ್‌ನಲ್ಲಿ ಬಹಳ ಸಲ ತಪ್ಪಿಹೋಗುತ್ತದೆ. ಇದನ್ನು ಮೊದಲೇ ಹೇಳದಿರುವುದು ತಪ್ಪೆಂದು ನಾನು ನಂಬಿದ್ದೇನೆ.

ಇಷ್ಟಾದ ಮೇಲೆ ಅತ್ತೆಯೊಬ್ಬರು ಸೊಸೆಯತ್ತ ನೋಡಿ, ಗ್ರಹಣದ ದಿನ ಹೊರಗೆ ಬಂದದ್ದರಿಂದ ಹೀಗಾಯಿತೇ ಎಂದು ಕೇಳಿಯೇ ಕೇಳುತ್ತಾರೆ. ಇಲ್ಲ ತಾಯಿ. ಮೇಲ್ದುಟಿ ಕೂಡಿಕೊಳ್ಳುವ ಕೆಲಸ ಗರ್ಭ ನಿಂತ ಏಳನೇ ವಾರದ ಹೊತ್ತಿಗೇ ಮುಗಿದಿರುತ್ತದೆ. ಯಾವ ಗ್ರಹಣವೂ ಅದನ್ನು ಸೀಳುವುದಿಲ್ಲ, ನಿಮ್ಮ ಸೊಸೆಯ ತಪ್ಪು ಇದರಲ್ಲಿ ಏನೂ ಇಲ್ಲ.

ಪಕ್ಕದಿಂದ ನೋಡಿದಾಗ ಗದ್ದ ತೀರಾ ಹಿಂದೆ ಸರಿದಿದ್ದರೆ ನಾನು ಇನ್ನಷ್ಟು ಹೊತ್ತು ನೋಡುತ್ತೇನೆ. ಅಂತಹ ಮಗು ಹುಟ್ಟಿದ ಕೂಡಲೇ ನಾಲಿಗೆ ಹಿಂದಕ್ಕೆ ಬಿದ್ದು ಉಸಿರಾಟಕ್ಕೆ ಅಡ್ಡಿಯಾಗಬಹುದು. ಮೊದಲೇ ಗೊತ್ತಿದ್ದರೆ ಹೆರಿಗೆಯನ್ನು ತಾಲ್ಲೂಕು ಆಸ್ಪತ್ರೆಯಲ್ಲಿ ಮಾಡಿಸದೆ, ನವಜಾತ ಶಿಶುವಿನ ಉಸಿರಾಟವನ್ನು ನಿಭಾಯಿಸಬಲ್ಲ ವೈದ್ಯರು ಬಾಗಿಲಲ್ಲೇ ಸಿದ್ಧರಿರುವ ದೊಡ್ಡ ಆಸ್ಪತ್ರೆಗೆ ಬರೆದುಕೊಡಬಹುದು. ಆ ಚೀಟಿಯನ್ನು ಐದನೇ ತಿಂಗಳಲ್ಲೇ ಬರೆದು ತಾಯಿ ಕಾರ್ಡಿನೊಳಗೆ ಇಟ್ಟು ಕಳಿಸುತ್ತೇನೆ.