ಮುಖಪುಟದ ಬಲ ಮೂಲೆ

ಮಂಡ್ಯದಲ್ಲಿ ನಮ್ಮದೊಂದು ಸಣ್ಣ ದಿನಪತ್ರಿಕೆ ಇದೆ. ನಾಲ್ಕೇ ಪುಟ. ತಾತ ಶುರು ಮಾಡಿದ್ದು, ಈಗ ಅಪ್ಪ ಸಂಪಾದಕರು, ಕಂಪ್ಯೂಟರಲ್ಲಿ ಪುಟ ಕಟ್ಟುವುದು ನಾನು. ಮುಖಪುಟದ ಬಲ ಮೂಲೆಯಲ್ಲಿ ಕೆಆರ್‌ಎಸ್, ಅಂದರೆ ನಮ್ಮ ಕನ್ನಂಬಾಡಿ ಕಟ್ಟೆಯ ನೀರಿನ ಮಟ್ಟ ಇರುತ್ತದೆ: ಗರಿಷ್ಠ 124.80 ಅಡಿ, ಇಂದಿನ ಮಟ್ಟ, ಒಳಹರಿವು, ಹೊರಹರಿವು.

2025ರ ಜೂನ್ 29ರ ಸಂಜೆ ಆ ಮೂಲೆಗೇ ಕುತ್ತು ಬಂತು. ಮರುದಿನ ಮುಖ್ಯಮಂತ್ರಿಗಳು ಬಾಗಿನ ಅರ್ಪಿಸಲು ಬರುವವರಿದ್ದರು. ಕನ್ನಂಬಾಡಿ ಕಟ್ಟೆ ಜೂನ್‌ನಲ್ಲೇ ತುಂಬಿದ್ದು ಅದೇ ಮೊದಲು, ಹಾಗಾಗಿ ಸ್ವಾಗತ ಕೋರುವವರ ಸಾಲು ಜಾಸ್ತಿ. ಒಬ್ಬ ಮುಖಂಡರ ಕಡೆಯವರು ಬಂದು ಇಡೀ ಮುಖಪುಟ ಬೇಕು ಅಂದರು. ನನಗಂತೂ ಖುಷಿ. ಪೇಪರ್ ರೀಲಿನ ಬಾಕಿ ತೀರಿಸಬಹುದಲ್ವಾ?

ಅಪ್ಪ ಡಿಸೈನ್ ನೋಡಿ, "ಆ ಮೂಲೆ ಬಿಟ್ಟು ಎಲ್ಲಾದ್ರೂ ಹಾಕ್ಕಳಿ" ಅಂದರು.

"ಯಜಮಾನ್ರೆ, ನೀರಿನ ಮಟ್ಟ ಈಗ ಎಲ್ಲರ ಮೊಬೈಲ್‌ಗೂ ಬತ್ತದೆ."

"ಬತ್ತದೆ. ಅದು ನಿಜವೋ ಸುಳ್ಳೋ ಅಂತ ನಮ್ಮ ಪೇಪರ್ ನೋಡ್ತಾರೆ ಕಣಪ್ಪ."

ಇದು ಬರೀ ಮಾತಲ್ಲ. 2023ರ ಸೆಪ್ಟೆಂಬರಿನಲ್ಲಿ ಮಟ್ಟ ನೂರು ಅಡಿಗಿಂತ ಕೆಳಗಿಳಿದು, ತಮಿಳುನಾಡಿಗೆ ನೀರು ಬಿಡಬೇಡಿ ಅಂತ ಮಂಡ್ಯ ಬಂದ್ ಆಯಿತಲ್ಲ, ಆಗ ಬೆಳಿಗ್ಗೆ ಟೀ ಅಂಗಡಿಯಲ್ಲಿ ಜನ ಮೊದಲು ನೋಡುತ್ತಿದ್ದುದು ಆ ಅಂಕಿಗಳನ್ನೇ, ಹೆಡ್‌ಲೈನ್ ಆಮೇಲೆ. ಕಟ್ಟೆಯಿಂದ ಹೊರಡುವ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ ನೀರು ಬರುತ್ತೋ ಇಲ್ಲವೋ, ನಾಟಿ ಹಾಕಬೇಕೋ ಬೇಡವೋ ಅನ್ನುವ ಲೆಕ್ಕ ಅಲ್ಲೇ.

ತಾತನ ಕಾಲದಲ್ಲಿ ಸುದ್ದಿಯೆಲ್ಲ ಅಚ್ಚುಮೊಳೆ ಜೋಡಿಸಿ ಮಾಡಬೇಕಿತ್ತು. ಈ ಚೌಕಟ್ಟನ್ನು ಮಾತ್ರ ಬಿಚ್ಚುತ್ತಲೇ ಇರಲಿಲ್ಲವಂತೆ. ಅಂಕಿಯ ಮೊಳೆ ಬದಲಿಸಿ ಟ್ರೆಡಲ್ ಅಚ್ಚಿನ ಮಷಿನ್ನಿಗೆ ಏರಿಸಿದರೆ ಆಯಿತು. ಅಣೆಕಟ್ಟೆಯಿಂದ ಫೋನ್ ಬರುವವರೆಗೂ ಮಷಿನ್ ನಿಲ್ಲಿಸಿಕೊಂಡು ಕೂರುತ್ತಿದ್ದರು, ಬಸ್ಸಿಗೆ ಹಾಕುವ ಕಟ್ಟು ತಪ್ಪಿದರೂ ಸರಿ. ಆಫ್‌ಸೆಟ್ ತಂದಾಗ ಅಪ್ಪ ಪತ್ರಿಕೆಯ ರೂಪವನ್ನೆಲ್ಲ ಬದಲಿಸಿದರು, ಇದನ್ನು ಮುಟ್ಟಲಿಲ್ಲ. ನನಗೆ ಇದು ಸುಮ್ನೆ ಹಟ ಅಂತಲೇ ಅನಿಸುತ್ತಿತ್ತು. ಈಗಲೂ ಅರ್ಧ ಹಾಗೇ ಅನಿಸುತ್ತದೆ.

ಕೊನೆಗೆ ಆ ಜಾಹೀರಾತು ಕೊನೇ ಪುಟಕ್ಕೆ ಹೋಯಿತು, ರೇಟೂ ಇಳಿಯಿತು. ಬಿಲ್ ಇನ್ನೂ ಪಾಸಾಗಿಲ್ಲ. ಕೇಳಿದರೆ, "ನಮ್ಮಣ್ಣನ ಫೋಟೋನ ಹಿಂದಕ್ ಹಾಕಿದ್ರಲ್ಲ ಸಾರ್" ಅನ್ನುತ್ತಾರೆ.