ಮನೆ ಪ್ರಾರ್ಥನೆಯಲ್ಲಿ ಈಗ ಕೀರ್ತನೆಗಳು

ಅಪ್ಪನಿಗೆ ಡಯಾಲಿಸಿಸ್ ಶುರುವಾದ ಮೇಲೆ ಮನೆಯಲ್ಲಿ ಯಾವುದಕ್ಕೂ ಹೊತ್ತುಗೊತ್ತು ಇಲ್ಲ. ತಮ್ಮನ ಕೆಲಸವೂ ಹೋಗಿದೆ. ಆದರೂ ರಾತ್ರಿ ಊಟಕ್ಕೆ ಮುಂಚೆ ಎಲ್ಲರೂ ಕೂತು ಸತ್ಯವೇದ (ಬೈಬಲ್) ಓದಿ, ಒಂದು ಗೀತೆ ಹಾಡಿ, ಪ್ರಾರ್ಥನೆ ಮಾಡುವುದನ್ನು ಬಿಟ್ಟಿಲ್ಲ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂತು, ಆ ಸಭೆಗಳಿಂದ ಬಂದ ನಮ್ಮಂಥ ಮನೆಗಳಲ್ಲಿ ಇದು ಅಜ್ಜ ಅಜ್ಜಿ ಕಾಲದ ರೂಢಿ.

ಈಗ ಸತ್ಯವೇದದಲ್ಲಿರುವ ಕೀರ್ತನೆಗಳನ್ನು ಓದುತ್ತಿದ್ದೇವೆ, ದಿನಕ್ಕೊಂದು. 23ನೇ ಕೀರ್ತನೆ ಚಿಕ್ಕಂದಿನಿಂದ ಎಲ್ಲರಿಗೂ ಬಾಯಿಪಾಠ, ಅಲ್ವಾ? ಆದರೆ ಈ ಸಲ ನನ್ನನ್ನು ಹಿಡಿದು ನಿಲ್ಲಿಸಿದ್ದು 13 ಮತ್ತು 88. 13ರಲ್ಲಿ ದಾವೀದ ಇನ್ನೂ ಎಷ್ಟು ದಿನ, ಇನ್ನೂ ಎಷ್ಟು ದಿನ ಎಂದು ದೇವರನ್ನೇ ಕೇಳುತ್ತಾನೆ, ಕೊನೆಗೆ ಹಾಡುತ್ತೇನೆ ಅನ್ನುತ್ತಾನೆ. 88ರಲ್ಲಿ ಅದೂ ಇಲ್ಲ. ಹಗಲೂ ರಾತ್ರಿ ಮೊರೆಯಿಟ್ಟವನ ಮಾತು ಕತ್ತಲಲ್ಲೇ ಮುಗಿದುಹೋಗುತ್ತದೆ. ಅಂಥದ್ದನ್ನೂ ದೇವರ ವಾಕ್ಯ ಅಂತಲೇ ಉಳಿಸಿಕೊಂಡಿದ್ದಾರಲ್ಲ, ಅದು ನನಗೆ ದೊಡ್ಡ ಧೈರ್ಯ ಕೊಟ್ಟಿತು.

ಅಮ್ಮನ ಪ್ರಾರ್ಥನೆಯೂ ಬದಲಾಗಿದೆ. ಮೊದಲೆಲ್ಲ ಬರೀ ಸ್ತೋತ್ರ ಹೇಳುತ್ತಿದ್ದವರು ಈಗ "ಕರ್ತನೇ, ನನಗೆ ಸಾಕಾಗಿದೆ, ಇವರ ಕೈ ಹಿಡಿ" ಎಂದು ನೇರವಾಗಿ ಕೇಳುತ್ತಾರೆ. ಅಪ್ಪ ಜೋರಾಗಿ ಆಮೆನ್ ಹೇಳುತ್ತಾರೆ.

ನಾಳೆ ಮತ್ತೆ ಡಯಾಲಿಸಿಸ್ ಇದೆ. ನಿಮ್ಮ ಪ್ರಾರ್ಥನೆಯಲ್ಲಿ ಅಪ್ಪನನ್ನು, ತಮ್ಮನ ಕೆಲಸವನ್ನು ದಯವಿಟ್ಟು ನೆನಪಿಡಿ.